ತಾಳೆ ನೋಡಿದ ನೋಟು

ನುಗ್ಗೇಹಳ್ಳಿಯ ಪರಮಶಿವಯ್ಯನಿಗೆ ಅರವತ್ತು ವರ್ಷದಲ್ಲಿ ಕಚೇರಿಗಳು ಕಲಿಸಿದ್ದು ಒಂದೇ ಪಾಠ: ಸೀಲಿಲ್ಲದ ಕಾಗದ ಕಾಗದವೇ ಅಲ್ಲ. ತಾನು ಬದುಕಿದ್ದೇನೆ ಎಂಬುದಕ್ಕೂ ಅವನು ಒಮ್ಮೆ ಸೀಲು ಹಾಕಿಸಿಕೊಂಡು ಬಂದಿದ್ದ.

ಅಂಥವನ ಟ್ರಂಕಿನ ತಳದಲ್ಲಿ ಅಮೆರಿಕದ ಹತ್ತು ಡಾಲರಿನ ಹಳೇ ನೋಟು ಸಿಕ್ಕಿತು. ಪಾದ್ರಿಯೊಬ್ಬರ ಗಾಡಿ ಹೊಡೆಯುತ್ತಿದ್ದ ತಾತನಿಗೆ ಬಂದ ಇನಾಮು. ಅಂಗೈಗಿಂತ ಅಗಲ, ಒಂದು ಮಡಿಕೆಯೂ ಇಲ್ಲ. ಮೊಬೈಲಿನಲ್ಲಿ ಅದರ ಫೋಟೋ ಹಿಡಿದು, ಹಾಸನದಲ್ಲಿ ಹಳೇ ನೋಟು ಕೊಳ್ಳುವ ರವೀಂದ್ರನಿಗೆ ತೋರಿಸಿದ.

ಆ ಕಾಲಕ್ಕೆ ಅಲ್ಲಿ ಸಣ್ಣಪುಟ್ಟ ಊರಿನ ಬ್ಯಾಂಕುಗಳೂ ತಮ್ಮ ಹೆಸರಿನ ನೋಟು ಹೊರಡಿಸುತ್ತಿದ್ದವಂತೆ. ಈ ನೋಟಿನ ಬ್ಯಾಂಕು ಮೂರೇ ವರ್ಷಕ್ಕೆ ಮುಳುಗಿದ್ದರಿಂದ ನೋಟು ಅಪರೂಪ, ಆದ್ದರಿಂದ ಬೆಲೆ ಜಾಸ್ತಿ. ಮುಳುಗಿದ್ದಕ್ಕೆ ಬೆಲೆ ಎಂಬುದು ಪರಮಶಿವಯ್ಯನಿಗೆ ಅರ್ಥವಾಗಲಿಲ್ಲ. ರವೀಂದ್ರ ಹೇಳಿದ ಮೂರು ಲಕ್ಷ ಎಂಬುದು ಅರ್ಥವಾಯಿತು. ಗದ್ದೆ ಉಳುವ ಒಂದು ಟಿಲ್ಲರು ಬರುತ್ತದೆ. ಪ್ರತಿ ಮುಂಗಾರಿಗೂ ಷಡ್ಡಕ ಸಿದ್ದೇಶ್ವರನ ಟಿಲ್ಲರಿಗಾಗಿ ಅವನ ಜಗಲಿ ಕಾಯುವುದು ತಪ್ಪುತ್ತದೆ.

"ಮಡಿಸದೆ ತನ್ನಿ. ಅಸಲಿ ಅಂತ ಖಾತ್ರಿಯಾದರೆ ಆಯಿತು," ಎಂದಿದ್ದ ರವೀಂದ್ರ.

ಖಾತ್ರಿ. ಆ ಮಾತು ಪರಮಶಿವಯ್ಯನ ತಲೆಯಲ್ಲಿ ಕೂತಿತು. ಎರಡು ರಟ್ಟಿನ ನಡುವೆ ನೋಟಿಟ್ಟು, ಮಗುವಿನಂತೆ ಎದೆಗವಚಿಕೊಂಡು, ಪರಿಚಯದ ದನದ ಡಾಕ್ಟರ ಬಳಿ ಹೋದ. ಗೆಜೆಟೆಡ್ ಆಫೀಸರು. ಹಸುವಿನ ಹಿಂದೆ ನಿಂತಿದ್ದ ಅವರು ಕೈ ತೊಳೆದು, ಏನೆಂದು ನೋಡದೆ, ಅಭ್ಯಾಸಬಲದಿಂದ ನೋಟಿನ ಮೇಲೇ ಸೀಲೊತ್ತಿ ಹಸಿರು ಶಾಯಿಯಲ್ಲಿ ಸಹಿ ಎಳೆದರು: 'ಮೂಲ ಪ್ರತಿಯೊಂದಿಗೆ ತಾಳೆ ನೋಡಲಾಗಿದೆ.'

ಹೆಂಡತಿ ದಾಕ್ಷಾಯಣಮ್ಮ ಅದನ್ನು ದೂರ ಹಿಡಿದು ನೋಡಿ, "ಇದೇ ಮೂಲ ಅಲ್ವಾ, ಇನ್ಯಾವುದ್ರ ಜೊತೆ ತಾಳೆ ನೋಡುದ್ರು?" ಎಂದಳು. ಹೆಂಗಸರಿಗೆ ಕಚೇರಿ ವ್ಯವಹಾರ ತಿಳಿಯದೆಂದು ಅವನು ಬಸ್ಸು ಹತ್ತಿದ.

ಹಾಸನದಲ್ಲಿ ರವೀಂದ್ರ ಭೂತಗನ್ನಡಿ ಹಿಡಿದು ನೋಟನ್ನು ಎರಡೂ ಕಡೆ ತಿರುಗಿಸಿ ನೋಡಿದ.

"ನೋಟೇನೋ ಅಸಲಿ. ಆದರೆ ಈ ಸೀಲು..."

"ಸೀಲೂ ಅಸ್ಲೀನೇ ಸಾ. ನನ್ ಮುಂದೇನೇ ಒತ್ತುದ್ರು."

ಸೀಲು ಬಿದ್ದು ನೋಟು ಕೆಟ್ಟಿತು, ಈಗ ಇದಕ್ಕೆ ನಾಲ್ಕು ಸಾವಿರ ಕೊಟ್ಟರೆ ಹೆಚ್ಚು ಎಂದು ರವೀಂದ್ರ ಮೆಲ್ಲಗೆ ಹೇಳಿದ. ಪರಮಶಿವಯ್ಯ ಬೆಂಚಿನ ಮೇಲೆ ಕೂತ. ಸಿದ್ದೇಶ್ವರನ ಜಗಲಿ ಕಣ್ಣ ಮುಂದೆ ಬಂತು. ಸ್ವಲ್ಪ ಹೊತ್ತಾದ ಮೇಲೆ ಮುಖ ಅರಳಿತು. ಕಚೇರಿಯಲ್ಲಿ ತಪ್ಪಾದದ್ದನ್ನು ತಿದ್ದುವ ದಾರಿ ಅವನಿಗೆ ಗೊತ್ತಿಲ್ಲದ್ದೇನಲ್ಲ.

"ಅಂಗಾದ್ರೆ ಈ ಸೀಲ್ ಮ್ಯಾಲೆ ಗೀಟು ಎಳ್ಸಿ, ಪಕ್ಕದಾಗೆ ಇನ್ನೊಂದು ಸೈನ್ ಆಕುಸ್ಕಂಡು ಬತ್ತೀನಿ ಬುಡಿ ಸಾ."

ರವೀಂದ್ರ ಎರಡೂ ಕೈಯಿಂದ ನೋಟನ್ನು ಮುಚ್ಚಿಕೊಂಡ.