ಗೋಡೆಗೆ ಹಚ್ಚಿದ ಲೆಕ್ಕ

ದುಬಲಗುಂಡಿಯ ಗಯಾಬಾಯಿಯ ಮನೆಯಲ್ಲಿ ಲೆಕ್ಕವೆಲ್ಲ ಹಿತ್ತಲ ಗೋಡೆಯ ಮೇಲೆಯೇ. ರಾಶಿಯ ಹೊತ್ತಿಗೆ ಒಂದು ಚೀಲ ಒಳಗೆ ಬಂತೆಂದರೆ ಗೋಡೆಗೆ ಕಡಲೆಯಷ್ಟು ಹಸಿ ಮಣ್ಣಿನ ಉಂಡೆ ಒಂದು. ಅಕ್ಷರ ಬಾರದವರೂ ಓದಬಹುದಾದ ಲೆಕ್ಕ ಅದು. ಆದರೆ ಈ ಶ್ರಾವಣದಲ್ಲಿ ಗೋಡೆಗೆ ಹತ್ತಿದ್ದು ಸೊಸೆ ವರ್ಷಾಳ ಮುಟ್ಟಿನ ಬಟ್ಟೆಗಳ ಲೆಕ್ಕ.

ವರ್ಷಾಗೆ ತಿಂಗಳಿಗೆ ಒಂಬತ್ತು ಹತ್ತು ದಿನ ರಕ್ತ ಹೋಗುತ್ತಿತ್ತು. ಕಳೆ ತೆಗೆಯಲು ಹೋದರೆ ಎರಡು ಸಾಲಿಗೊಮ್ಮೆ ಕೂತುಬಿಡುತ್ತಿದ್ದಳು. ಬಸವಕಲ್ಯಾಣದಲ್ಲಿದ್ದ ಗಯಾಬಾಯಿಯ ತಂಗಿ ಭೀಮಬಾಯಿ, "ನಾ ಗರ್ಭಚೀಲ ತೆಗಸಿ ಒಗದೀನಿ, ಈಗ ಕುದುರಿ ಆಗೀನಿ. ಇಕಿದೂ ತೆಗಸ್ರಿ" ಎಂದು ತಾನೇ ಅಲ್ಲಿನ ಆಸ್ಪತ್ರೆಯಲ್ಲಿ ಆಪರೇಷನ್ನಿಗೆ ಒಂದು ಸೋಮವಾರ ಗೊತ್ತು ಮಾಡಿಟ್ಟಿದ್ದಳು. ವರ್ಷಾಗೆ ಇಪ್ಪತ್ತೆಂಟು ವಯಸ್ಸು, ಒಬ್ಬಳೇ ಮಗಳು. ಇನ್ನೊಂದು ಕೂಸಿನ ಆಸೆ. ಅತ್ತು ಕರೆದು ಆಶಾ ಕಾರ್ಯಕರ್ತೆಯ ಫೋನಿನಿಂದ ಹುಮನಾಬಾದಿನ ಡಾಕ್ಟರ್ ಸುಮೇಧಾ ಅವರನ್ನು ಹಿಡಿದಳು.

"ಗಡಿಬಿಡಿ ಬ್ಯಾಡ. ಈ ಸಲ ಎಷ್ಟು ದಿನ, ಎಷ್ಟು ಬಟ್ಟಿ, ರಕ್ತದ ಗಡ್ಡಿ ಬೀಳ್ತಾವೇನು, ಲೆಕ್ಕ ಹಿಡಕೊಂಡು ಬಾ. ಆಮ್ಯಾಲ ಹೇಳ್ತೀನಿ, ತೆಗೀಬೇಕೋ ಬ್ಯಾಡೋ. ತಾಸಿಗೊಂದು ಬಟ್ಟಿ ತೊಯ್ದರ, ತಲಿ ತಿರುಗಿದರ ಮಾತ್ರ ಅವತ್ತೇ ಬಂದುಬಿಡು" ಎಂದರು ಡಾಕ್ಟರು.

ಬಟ್ಟೆಗೊಂದು ಉಂಡೆ, ಗಡ್ಡೆ ಬಿದ್ದರೆ ದೊಡ್ಡ ಉಂಡೆ ಎಂದು ಅತ್ತೆ ಸೊಸೆ ಮಾತಾಡಿಕೊಂಡರು. ಎರಡನೆಯ ದಿನ ಸಂಜೆ ಗಯಾಬಾಯಿ ನೋಡಿದರೆ ಎಂಟು ಇರಬೇಕಾದಲ್ಲಿ ಐದೇ ಇದ್ದವು. ಒಮ್ಮೆ ಕಂಡದ್ದು ಆಕೆಯ ತಲೆಯಿಂದ ಅಳಿಯುತ್ತಿರಲಿಲ್ಲ. ಹೋದ ಮೂರನ್ನು ಮತ್ತೆ ಹಚ್ಚಿದಳು. ಮರುದಿನ ನಾಲ್ಕು ಹೋದವು.

"ಹಲ್ಲಿ ಒಯ್ದಿರಬೇಕು" ಎಂದಳು ಮಗ ಅನೀಲಕುಮಾರನಿಗೆ.

"ಹಲ್ಲಿಗೆ ಮಣ್ಣ್ಯಾಕ ಬೇ? ಮನಿ ಕಟ್ಟತಾದೇನು?"

ಆರನೆಯ ದಿನ ಗೋಡೆಯಾಚೆಯಿಂದ ನೆರೆಯ ಬಂಡೆಪ್ಪ ಇಣುಕಿದ. "ಏನಕ್ಕಾ, ಯಾವ ರಾಶಿ ಇದು?"

ಅನೀಲಕುಮಾರನಿಗೆ ಬಾಯಿಗೆ ಬಂದದ್ದು ಒಂದೇ. "ಹೆಸರು."

"ಒಂದೂವರಿ ಎಕರೆದಾಗ ಇಪ್ಪತ್ತೆರಡು ಚೀಲ ಹೆಸರು! ನನಗ ಎರಡು ಸೇರು ಬೀಜ ಬೇಕು ನೋಡ್ರಿ." ಮರುದಿನ ಬೀಜ ಕೇಳಿಕೊಂಡು ಬಾಗಿಲಿಗೆ ಏಳು ಜನ ಬಂದರು.

ಗಯಾಬಾಯಿ ಕೋಲು ಹಿಡಿದು ಹಿತ್ತಲ ಮೂಲೆಯ ಮರೆಯಲ್ಲಿ ಕಾವಲು ಕೂತಳು. ಮಧ್ಯಾಹ್ನ ವರ್ಷಾ ಬಚ್ಚಲಿನಿಂದ ಬಂದು ಒಂದು ಉಂಡೆ ಹಚ್ಚಿದಳು, ಆ ಕಡೆ ಈ ಕಡೆ ನೋಡಿದಳು, ಎರಡು ಕಿತ್ತು ಬಾಯಿಗೆ ಹಾಕಿಕೊಂಡಳು. ಪೇಢೆ ತಿಂದವರ ಹಾಗೆ ಕಣ್ಣು ಮುಚ್ಚಿದಳು.

"ಏ ಹುಡುಗಿ! ಹಿಸಾಬ್ ತಿನ್ನಾಕತ್ತಿಯೇನ?"

ವರ್ಷಾ ಅಳತೊಡಗಿದಳು. "ಏನ್ ಮಾಡ್ಲಿ ಅತ್ಯಾ, ಹಸಿ ಮಣ್ಣಿನ ವಾಸನಿ ಬಂದರ ತಡಿಯಾಕ ಆಗಂಗಿಲ್ಲ."

ಗಯಾಬಾಯಿ ಕೈಯಲ್ಲಿದ್ದ ಕೋಲನ್ನು ಗೋಡೆಗೆ ಆನಿಸಿಟ್ಟಳು. ತಾನು ಸೊಸೆಯಾಗಿದ್ದಾಗ ಈ ಮನೆಯ ಮಣ್ಣಿನ ಒಲೆಯ ಅಂಚು ಸವೆಯುತ್ತಿತ್ತು. ಇಲಿ ತಿನ್ನುತ್ತವೆ ಎಂದು ಅತ್ತೆ ಬೋನು ಇಟ್ಟಿದ್ದಳು. ನಲವತ್ತು ವರ್ಷ ಆ ಇಲಿಯ ಮೇಲಿನ ಆರೋಪ ಹಾಗೆಯೇ ಉಳಿದಿತ್ತು. ಆಗ ಲೆಕ್ಕ ಕೇಳುವವರು ಯಾರೂ ಇರಲಿಲ್ಲ.

ಶನಿವಾರ ಅತ್ತೆ ಸೊಸೆ ಹುಮನಾಬಾದಿನ ಬಸ್ಸು ಹತ್ತಿದರು. ನಾಡಿದ್ದೇ ಭೀಮಬಾಯಿ ಗೊತ್ತು ಮಾಡಿದ ಸೋಮವಾರ.

"ಲೆಕ್ಕ ಎಲ್ಲದ?" ಎಂದರು ಡಾಕ್ಟರು.

"ಸೊಸಿ ತಿಂದಾಳ್ರಿ" ಎಂದಳು ಗಯಾಬಾಯಿ.

ಡಾಕ್ಟರ ಪೆನ್ನು ನಿಂತಿತು. ಆದರೆ ಅವರು ನಗಲಿಲ್ಲ. ವರ್ಷಾಳ ಕಣ್ಣಿನ ರೆಪ್ಪೆ ಎಳೆದು ನೋಡಿದರು, ಒಳಗೆ ಸುಣ್ಣದ ಹಾಗೆ ಬಿಳುಪು. "ರಕ್ತ ಕಮ್ಮಿ ಆದವರಿಗೆ ಮಣ್ಣು ತಿನ್ನೋ ಆಸಿ ಬರ್ತಾದ. ಲೆಕ್ಕ ತಿಂದಿದ್ದೇ ದೊಡ್ಡ ಲೆಕ್ಕ ಆಯ್ತು. ಎಷ್ಟು ಹಚ್ಚಿದ್ರಿ, ನೆನಪದೇನು?"

"ಒಂಬತ್ತು ದಿನಕ್ಕ ಮೂವತ್ತೊಂದ್ರಿ. ಅದ್ರಾಗ ದೊಡ್ಡು ಆರು."

ರಕ್ತದ ಪರೀಕ್ಷೆಯಲ್ಲಿ ಹನ್ನೆರಡು ಇರಬೇಕಾದ ಹಿಮೋಗ್ಲೋಬಿನ್ ಏಳಿತ್ತು. ಸ್ಕ್ಯಾನಿನಲ್ಲಿ ಗರ್ಭಚೀಲದೊಳಗೆ ಬಟಾಣಿಯಷ್ಟು ಗಂಟು ಕಂಡಿತು. "ಇಷ್ಟಕ್ಕ ಚೀಲಾನೇ ತೆಗಿತಾರೇನು?" ಎಂದರು ಡಾಕ್ಟರು. "ಆ ದಿನಗಳಾಗ ಮಾತ್ರ ಈ ಗುಳಗಿ, ರಕ್ತ ಹಿಡೀತಾದ. ಇದು ಕಬ್ಬಿಣದ್ದು, ದಿನಾ ನಿಂಬಿಹಣ್ಣಿನ ನೀರಿನ ಜೋಡಿ, ಚಹಾದ ಜೋಡಿ ಬ್ಯಾಡ. ಆಗಲಿಲ್ಲಂದ್ರ ಬ್ಯಾರೆ ಉಪಾಯ ಅದಾವ. ತೆಗಿಯೋದು ಎಲ್ಲಾದಕ್ಕಿಂತ ಕಡೀಗೆ."

ಹೊರಗೆ ಬಂದ ಗಯಾಬಾಯಿ ತಂಗಿಗೆ ಫೋನ್ ಹಚ್ಚಿಸಿದಳು. "ಸೋಮವಾರ ಬರಂಗಿಲ್ಲವ್ವಾ."

"ಯಾಕ?"

"ರಾಶಿ ಅದ."

"ಹೌದ್ಹೌದು, ಇಪ್ಪತ್ತೆರಡು ಚೀಲ ಹೆಸರಂತಲ್ಲ! ಇಲ್ಲೀತನಕ ಸುದ್ದಿ ಬಂದಾದ. ಒಂದು ಚೀಲ ನನಗೂ ಕಳಸು."

ದೀಪಾವಳಿ ಕಳೆದ ಮೇಲಿನ ಮುಟ್ಟಿಗೆ ಗೋಡೆಯ ಮೇಲೆ ಹದಿನಾಲ್ಕು ಉಂಡೆ ಬಿದ್ದವು, ದೊಡ್ಡದು ಒಂದೂ ಇಲ್ಲ. ಗಯಾಬಾಯಿ ಎರಡು ಸಲ ಎಣಿಸಿದಳು. ಹದಿನಾಲ್ಕೂ ಇದ್ದವು. ಒಂದನ್ನು ಕಿತ್ತು ಸೊಸೆಯ ಮೂಗಿಗೆ ಹಿಡಿದಳು.

"ಇದು ಬರೇ ಮಣ್ಣು ಅತ್ಯಾ" ಎಂದು ವರ್ಷಾ ಮುಖ ಕಿವಿಚಿದಳು.

ಗೋಡೆಯಾಚೆಯಿಂದ ಬಂಡೆಪ್ಪನ ತಲೆ ಎದ್ದಿತು. ಎಣಿಸಿ ಲೊಚಗುಟ್ಟಿದ. "ಈ ಸಲ ಫಸಲು ಹದಿನಾಲ್ಕಕ್ಕ ಇಳೀತಲ್ಲಕ್ಕಾ!"

"ಇಳೀತು ನೋಡಪ್ಪಾ" ಎಂದು ನಕ್ಕು ಗಯಾಬಾಯಿ ಒಳಗಿನಿಂದ ಸಕ್ಕರೆ ತಂದು ಅವನ ಅಂಗೈಗೆ ಹಾಕಿದಳು.