ಮೂಗುದಾರದ ಮೇಲಿನ ಕರಿ ಗುರುತು

ನರೇಗಲ್ಲಿನ ಸಂತೆ ಮುಗಿಸಿ ಮಧ್ಯಾಹ್ನ ಗಜೇಂದ್ರಗಡಕ್ಕೆ ಹೊರಳುವ ಗಾಡಿಗಳಲ್ಲಿ ಎಚ್ಚರವಾಗಿರುತ್ತಿದ್ದದ್ದು ಎತ್ತುಗಳಷ್ಟೇ. ಕೋಳಿ ಕೂಗುವ ಮೊದಲೇ ಗಾಡಿ ಹೂಡಿದ ಮನುಷ್ಯ ಮಾಲು ಇಳಿಸಿ, ಬುತ್ತಿ ಬಿಚ್ಚಿ ರೊಟ್ಟಿ ತಿಂದು, ಗಾಡಿಯಲ್ಲಿ ಅಡ್ಡಾಗಿ ಮುಖದ ಮೇಲೆ ವಸ್ತ್ರ ಎಳೆದುಕೊಂಡರೆ ಮುಗಿಯಿತು. ಮನೆಯ ದಾರಿ ಎತ್ತುಗಳಿಗೆ ಗೊತ್ತು. ಹಿಂದಿನಿಂದ ಮೋಟಾರು ಬಂದರೆ ಮಲಗಿದವನನ್ನು ಎಬ್ಬಿಸುವ ರೂಢಿ ಆ ರಸ್ತೆಯಲ್ಲಿ ಇರಲಿಲ್ಲ. ಮೋಟಾರಿನವನೇ ಇಳಿದು ಮುಂದೆ ನಡೆದು, ಎತ್ತಿನ ಮೂಗುದಾರ ಹಿಡಿದು ಗಾಡಿಯನ್ನು ಬದಿಗೆ ಸರಿಸಿ, ತಿರುಗಿ ಬಂದು ತನ್ನ ಮೋಟಾರು ಹತ್ತಬೇಕು. ಇದು ಯಾವ ಸರಕಾರದ ಕಾಯಿದೆಯೂ ಅಲ್ಲ. ದಣಿದವನ ನಿದ್ದೆ ಕೆಡಿಸಬಾರದು ಅಂತ ಮಂದಿ ತಾವಾಗಿಯೇ ನಡೆಸಿಕೊಂಡು ಬಂದದ್ದು.

ಸೀರೆ ವ್ಯಾಪಾರಿ ಅಂದಾನೆಪ್ಪನೂ ಹಾಗೆ ಇಳಿಯುತ್ತಿದ್ದವನೇ. ಗಜೇಂದ್ರಗಡದಲ್ಲಿ ಅಂಗಡಿ ಇಟ್ಟು, ಅಲ್ಲಿನ ಮಗ್ಗಗಳಿಂದ ಸೀರೆ ಕೊಂಡು ನರೇಗಲ್, ರೋಣ, ಅಬ್ಬಿಗೇರಿ ಅಂತ ತಿರುಗಿ ಮಾರುವ ಬಾಳು ಅವನದು. ಗದಗಿನ ಯಾರೋ ಧಣಿ ಓಡಿಸಿ ಓಡಿಸಿ ಬಿಟ್ಟ ಹಳೆಯ ಕಾರೊಂದನ್ನು ಕೊಂಡಿದ್ದ. ಅದು ಎಲ್ಲಿ ನಿಂತರೂ ಎಣ್ಣೆ ಸೋರುವುದು, ಅವನು ಒಂದು ನಟ್ಟು ಬಿಗಿಯುವುದು, ಕೈ ಕರಿಯಾಗುವುದು. ವಯಸ್ಸು ಐವತ್ತರ ಹತ್ತಿರ ಬಂದಿತ್ತು. ಬೆಳಗಾದರೆ ಅದೇ ರಸ್ತೆ, ಅದೇ ಧೂಳು, ಅದೇ ಚೌಕಾಸಿ. ಸಾಕಪ್ಪಾ ಸಾಕು ಅನ್ನಿಸುತ್ತಿತ್ತು, ಆದರೆ ಸಾಕು ಅಂದರೆ ನಡೆಯುವ ಬಾಳೇ ಅದು?

ಅದರ ಮೇಲೆ ನೂಲಿನ ವ್ಯಾಪಾರಿ ಸಣ್ಣಪ್ಪನ ಕಾಟ. ಅವನದು ಹೊಸ ಕಾರು. ಭರ್ರನೆ ಹಿಂದೆ ಹಾಕಿ ಹೋಗುವುದಲ್ಲದೆ, ಬಸ್ ನಿಲ್ದಾಣದ ಚಹಾದಂಗಡಿಯಲ್ಲಿ ಕುಳಿತು ಕಾಯುತ್ತಿದ್ದ.

"ಬಂದ್ರೇನ್ರಿ ಅಂದಾನೆಪ್ಪಾರ? ನಮ್ಮ ಹೊಲದಾಗಿನ ಹೋರಿ ನಿಮಗಿಂತ ಲಗೂ ಬರ್ತಾವ ನೋಡ್ರಿ!"

ಅಂಗಡಿ ತುಂಬ ನಗೆ. ಅಂದಾನೆಪ್ಪನೂ ನಗುತ್ತಿದ್ದ, ಹೊಟ್ಟೆಯೊಳಗೆ ಮಾತ್ರ ಉರಿಯುತ್ತಿತ್ತು.

ಏಕೀಕರಣವಾದ ಮರುವರ್ಷದ ಬೇಸಿಗೆ ಅದು. ಒಂದು ದಿನ ಅದೇ ಅಂಗಡಿಯಲ್ಲಿ ಎಲ್ಲಿಂದಲೋ ಬಂದ ಲಾರಿ ಡ್ರೈವರನೊಬ್ಬ ಅಂದಾನೆಪ್ಪನಿಗೆ ಉಪದೇಶ ಮಾಡಿದ. "ನಿಮ್ಮ ಇಂಜಿನ್ನಿನ ಮೂಗೂ ಕಟ್ಟೀರಿ, ಬಾಯೀನೂ ಕಟ್ಟೀರಿ. ಉಸರು ಆಡಾಕ ಬಿಡ್ರಿ, ಹ್ಯಾಂಗ ಓಡ್ತದ ನೋಡ್ರಿ." ಹೇಳಿದವನು ಚಹಾ ಕುಡಿದು ಹೋದ. ಅಂದಾನೆಪ್ಪನ ತಲೆಗೆ ಹುಳ ಹೊಕ್ಕಿತು.

ಮರುದಿನವೇ ಮನೆಯಂಗಳದ ಬೇವಿನ ಕೆಳಗೆ ಗೋಣಿಚೀಲ ಹಾಸಿ ಕಾರಿನಡಿ ತೂರಿಕೊಂಡ. ನಟ್ಟು ಬಿಗಿಯುವ ಪಾನಾ ಹಿಡಿಯುವುದು ಬಿಟ್ಟರೆ ಅವನಿಗೆ ಮೋಟಾರಿನ ಬೇರೆ ವಿದ್ಯೆ ಗೊತ್ತಿರಲಿಲ್ಲ. ಇಂಜಿನ್ನಿನ ಮೇಲೆ ಕೂತು ಗಾಳಿ ಸೋಸುವ ಡಬ್ಬಿಯನ್ನು ಕಿತ್ತು ಅಟ್ಟಕ್ಕೆ ಎಸೆದ. ಸೈಲೆನ್ಸರ್ ಬಿಚ್ಚಿ, ಕಮ್ಮಾರನಿಂದ ತಂದ ನೇರ ಕೊಳವೆ ಸಿಕ್ಕಿಸಿದ. ಪ್ಲಗ್ಗಿಗೆ ಕಿಡಿ ಹಂಚುವ ಡಬ್ಬಿಯನ್ನೂ ಒಂದಿಷ್ಟು ತಿರುವಿಟ್ಟ. ಎಷ್ಟು ತಿರುವಬೇಕು, ಯಾಕೆ ತಿರುವಬೇಕು, ಅವನಿಗೂ ಗೊತ್ತಿಲ್ಲ, ಹೇಳಿದ ಡ್ರೈವರನಿಗೂ ಗೊತ್ತಿತ್ತೋ ಇಲ್ಲವೋ. ಹ್ಯಾಂಡಲ್ ತಿರುವಿದಾಗ ಕಾರು ಗುಡುಗಿತು. ಬೇವಿನ ಮೇಲಿನ ಕಾಗೆಗಳೆಲ್ಲ ಹಾರಿಹೋದವು.

ಹೆಂಡತಿ ಕಲ್ಲವ್ವ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. "ಅಯ್ಯ ಶಿವನ! ಇದೇನ್ರಿ ಇದು? ಎದಿ ಒಡದು ಸಾಯಬೇಕು ಮಂದಿ."

"ಶಕ್ತಿ ಬಂದೈತಿ ಅದಕ್ಕ," ಅಂದ ಅಂದಾನೆಪ್ಪ, ಮುಖದ ತುಂಬ ಮಸಿ, ಕಣ್ಣ ತುಂಬ ಖುಷಿ.

"ಶಕ್ತಿ ಬಂದ್ರ ಹಿಂಗ ಒದರ್ತಾರೇನ್ರಿ? ನೀವು ಯಾರ ಮುಂದ ಓಡಾಕ ಹೊಂಟೀರಿ?"

ಅವನು ಕಾರಿನತ್ತ ಕಿವಿಗೊಟ್ಟ. ಆಗಾಗ ಕೊಳವೆಯಲ್ಲಿ ಫಡಾರ್ ಎಂದು ಬಂದೂಕಿನ ಸದ್ದು ಬರುತ್ತಿತ್ತು. ಅದು ತಾನು ಕಿಡಿಯ ಡಬ್ಬಿ ತಪ್ಪು ತಿರುವಿದ್ದರಿಂದ ಬರುವ ಸಿಡಿತ ಎಂದು ತಿಳಿಯದೆ, ಅದೂ ಶಕ್ತಿಯೇ ಎಂದುಕೊಂಡ.

ಮುಂದಿನ ಸಂತೆಯ ದಿನ ಮಧ್ಯಾಹ್ನ, ನರೇಗಲ್ಲಿನಿಂದ ಹಿಂದಿರುಗುವಾಗ ಸಣ್ಣಪ್ಪನ ಕಾರು ಮುಂದೆ ಸಿಕ್ಕಿತು. ಅಂದಾನೆಪ್ಪ ತುಳಿದ. ಕಾರು ಗುಡುಗುತ್ತ ಹಾರಿತು, ಸಣ್ಣಪ್ಪನ ಮುಖ ಹಿಂದೆ ಸರಿಯಿತು. ಆ ಹೊತ್ತಿನ ಖುಷಿ ಅವನು ತನ್ನ ಮದುವೆಯಲ್ಲೂ ಕಂಡಿರಲಿಲ್ಲ. ಅಷ್ಟರಲ್ಲಿ ಮುಂದೆ ಗಾಡಿಗಳು ಬಂದವು. ಇಳಿದರೆ ಸಣ್ಣಪ್ಪ ದಾಟಿಬಿಡುತ್ತಾನೆ. ಅಂದಾನೆಪ್ಪ ಇಳಿಯಲಿಲ್ಲ. ಸ್ವಲ್ಪ ವೇಗ ತಗ್ಗಿಸಿ ಪಕ್ಕದಲ್ಲೇ ನುಸುಳಿದ. ಕೊಳವೆ ಫಡಾರ್ ಎಂದು ಸಿಡಿಯಿತು. ಹಿಂದೆ ನೋಡುವ ಕನ್ನಡಿಯಲ್ಲಿ ಧೂಳು ಬಿಟ್ಟು ಬೇರೇನೂ ಕಾಣಲಿಲ್ಲ.

ಆ ದಿನ ಚಹಾದಂಗಡಿಯಲ್ಲಿ ಕಾಯ್ದು ಕುಳಿತವನು ಅಂದಾನೆಪ್ಪ.

ಮರುದಿನ ಬೆಳಿಗ್ಗೆ ಅವನ ಅಂಗಡಿಯ ಗಂಟುಗಳು ಜಗುಲಿಯ ಮೇಲೇ ಉಳಿದವು. ಯಾವಾಗಲೂ ಅವನ್ನು ಬಸ್ ನಿಲ್ದಾಣಕ್ಕೆ ಸಾಗಿಸುವ ಗಾಡಿಯ ಮೋದಿನಸಾಬ ಬರಲಿಲ್ಲ. ಅವನ ಹೆಂಡತಿ ಜಮಾಲಬಿ ಬಂದು ಮೆಟ್ಟಿಲ ಕೆಳಗೆ ನಿಂತಳು.

"ನಿನ್ನಿ ಸಂತಿಯಿಂದ ಬರುವಾಗ ಗಾಡಿ ತೆಗ್ಗಿಗೆ ಬಿತ್ತರಿ ಸಾವ್ಕಾರ್ರ. ಅವರ ಕೈ ಮುರದೈತಿ. ಯಾವುದೋ ಮೋಟರಿನ ಸಪ್ಪಳಕ್ಕ ಎತ್ತು ಬೆದರಿದ್ವು ಅಂತಾರ. ಅವರು ಮಕ್ಕೊಂಡಿದ್ರು, ಏನೂ ನೋಡಿಲ್ಲ."

'ಅದು ನಾನೇ' ಎಂದು ಅಂದಾನೆಪ್ಪ ಹೇಳಬೇಕಿತ್ತು. ಅದರ ಬದಲು, "ಸಂಜಿಮುಂದ ಬಂದು ನೋಡ್ತೀನಿ, ಜಮಾಲಬಿ," ಅಂದ.

ಹೋದದ್ದು ಕಾರಿನಲ್ಲಿ. ದವಾಖಾನೆಗೆ ಕರೆದೊಯ್ಯಬೇಕಾದರೆ ಇರಲಿ ಎಂಬ ಒಳ್ಳೆಯ ಬುದ್ಧಿಯೇ ಇತ್ತು, ಪಾಪ. ಕಾರು ಓಣಿಯ ಬಾಯಿಗೆ ಬಂದು ಗುಡುಗಿದ್ದೇ ತಡ, ಮೋದಿನಸಾಬನ ಅಂಗಳದಲ್ಲಿ ಕಟ್ಟಿದ್ದ ಹಂಡ ಎಂಬ ಎತ್ತು ಮುಂಗಾಲು ಎತ್ತಿ ಹಗ್ಗ ಜಗ್ಗಿತು. ಗೂಟ ಕಿತ್ತು ಬಂತು. ನೀರಿನ ಕೊಡಗಳು ಉರುಳಿದವು. ಎತ್ತು ಗೋಡೆಗೆ ಮೈ ಒತ್ತಿ, ಕಣ್ಣಿನ ಬಿಳಿ ಕಾಣುವಂತೆ ಕಾರನ್ನೇ ನೋಡುತ್ತ ನಡುಗುತ್ತಿತ್ತು.

ಬೆಳಿಗ್ಗೆಯಿಂದ ಆ ಓಣಿಯ ಮುಂದೆ ಬಸ್ಸು ಹೋಗಿತ್ತು, ಸಣ್ಣಪ್ಪನ ಕಾರೂ ಹೋಗಿತ್ತು. ಎತ್ತು ಕಿವಿ ನಿಗುರಿಸಿ ಹಿಂಜರಿದಿತ್ತು, ಅಷ್ಟೇ. ಗೂಟ ಕಿತ್ತದ್ದು ಈ ಸದ್ದಿಗೆ.

ಕಟ್ಟೆಯ ಮೇಲೆ ಕೈಗೆ ಪಟ್ಟಿ ಕಟ್ಟಿಕೊಂಡು ಕುಳಿತಿದ್ದ ಮೋದಿನಸಾಬ ಎತ್ತನ್ನು ನೋಡಿದ, ಆಮೇಲೆ ಅಂದಾನೆಪ್ಪನನ್ನು ನೋಡಿದ. ಜಮಾಲಬಿ ಸೆರಗು ಬಾಯಿಗೆ ಒತ್ತಿಕೊಂಡಳು.

"ಮೋಟರ ಬಂದ್ ಮಾಡ್ರಿ ಸಾವ್ಕಾರ್ರ," ಎಂದ ಮೋದಿನಸಾಬ, ದನಿ ಏರಿಸದೆ.

ಅಂದಾನೆಪ್ಪ ಬಂದ್ ಮಾಡಿ ಬಂದು ಕಟ್ಟೆಯ ತುದಿಗೆ ಕುಳಿತ. ಸಿಕ್ಕಿಬಿದ್ದವನ ಸಿಟ್ಟಿನಲ್ಲಿ ಮಾತಾಡಿದ.

"ತಪ್ಪು ನಂದ ಖರೆ. ಆದ್ರ ನೀನೂ ನಡುರಸ್ತೆದಾಗ ನಿದ್ದಿ ಹೊಡದ್ರ ಹ್ಯಾಂಗ? ಕಾಲ ಎತ್ತಿನ ಹೆಜ್ಜಿಗೇ ನಿಲ್ಲಬೇಕೇನು? ಇನ್ನ ಮ್ಯಾಲೆ ಮೋಟರು ಹೆಚ್ಚಾಗಾವ, ಕಡಿಮಿ ಆಗಂಗಿಲ್ಲ."

"ಹೌದ್ರಿ. ಮೋಟರು ಬೇಕ್ರಿ. ನನ್ನ ಮಗಳು ಬದರುನ್ನಿಸಾಗ ಹಡಿಯಾಕ ತ್ರಾಸ ಆದಾಗ ಗದಗಿಗೆ ಒಯ್ದದ್ದು ಮೋಟರನ, ಎತ್ತಲ್ಲ." ಮೋದಿನಸಾಬ ಉಸಿರು ಬಿಟ್ಟ. "ಆದ್ರ ನನಗ ನಿದ್ದಿ ಅಂದ್ರ ಆ ದಾರಿ ಒಂದ ನೋಡ್ರಿ. ಮುಂಜಾನಿಂದ ಹೇರೋದು ಇಳಸೋದು, ಮನಿಗೆ ಬಂದ್ರ ಎತ್ತಿನ ಚಾಕರಿ. ಮೊದಲ ನೀವ ಇಳದು ಗಾಡಿ ಸರಸತಿದ್ರಿ. ನನಗ ಎಚ್ಚರ ಆಗತಿದ್ದಿಲ್ಲ. ಊರು ಮುಟ್ಟಿ ನೋಡಿದ್ರ ಹಂಡನ ಮೂಗುದಾರಕ್ಕ ಕರಿ ಎಣ್ಣಿ ಕೈ ಹತ್ತಿರತಿತ್ತು. ಸಾವ್ಕಾರ್ರು ದಾಟಿ ಹೋಗ್ಯಾರ ಅಂತ ತಿಳಕೋತಿದ್ದೆ."

ಅಂದಾನೆಪ್ಪ ತನ್ನ ಕೈ ನೋಡಿಕೊಂಡ. ಉಗುರಿನ ಸಂದಿಯಲ್ಲಿ ಎಂದಿನಂತೆ ಎಣ್ಣೆಯ ಕರಿ ಕೂತಿತ್ತು. ಅವನಿಗೆ ನಾಚಿಕೆಯಾಯಿತು, ತಲೆ ಎತ್ತಲಾಗದಷ್ಟು ನಾಚಿಕೆ.

"ಬ್ಯಾರೆ ಎತ್ತು ಕೊಡಸ್ತೀನಿ, ಮೋದಿನ."

"ಬ್ಯಾಡ್ರಿ. ಬೆದರಿದ ಎತ್ತು ಅಂತ ಇದನ್ನ ಯಾರೂ ಹೂಡಾಕ ಕೊಳ್ಳಂಗಿಲ್ಲ. ಕಟುಕರ ಕೈಗೇ ಹೋಗ್ತದ. ಕರು ಇದ್ದಾಗಿಂದ ನಾನ ಸಾಕೀನಿ." ಅವನ ಕಣ್ಣು ತುಂಬಿದವು. "ಬಸ್ ನಿಲ್ದಾಣಕ್ಕ ಹೋಗದಿದ್ರ ನನಗ ಕೆಲಸ ಇಲ್ಲ. ಮೋಟರಿಗೆ ಅಂಜಿದ್ರ ಹಂಡ ಅಲ್ಲಿಗೆ ಬರಂಗಿಲ್ಲ. ರೊಕ್ಕ ಕೊಟ್ರ ಎತ್ತಿನ ಅಂಜಿಕಿ ಹೋಗ್ತದೇನ್ರಿ?"

ಅಂದಾನೆಪ್ಪ ಕಾರನ್ನು ಅಲ್ಲೇ ಬಿಟ್ಟು ನಡೆದು ಮನೆಗೆ ಹೋದ. ಬೆಳಿಗ್ಗೆ ಸೈಲೆನ್ಸರ್ ಹೆಗಲ ಮೇಲೆ ಹೊತ್ತು, ಅಟ್ಟದಿಂದ ಇಳಿಸಿದ ಡಬ್ಬಿಯನ್ನು ಕಂಕುಳಲ್ಲಿ ಹಿಡಿದು ಓಣಿಗೆ ಬಂದ. ಜನ ನೋಡುತ್ತಿದ್ದರು. ಅದೇ ಧೂಳಿನಲ್ಲಿ ಗೋಣಿಚೀಲ ಹಾಸಿ ಕಾರಿನಡಿ ತೂರಿಕೊಂಡ. ಬಿಚ್ಚುವಾಗ ಹಗುರಾಗಿ ಬಂದ ನಟ್ಟುಗಳು ಹಾಕುವಾಗ ಕೂಡಲಿಲ್ಲ. ಬೆರಳು ಸಿಕ್ಕಿ ರಕ್ತ ಬಂತು. ಕಿಡಿಯ ಡಬ್ಬಿಯನ್ನು ತಿರುವಿ, ತಿರುವಿ, ಸಿಡಿತ ನಿಲ್ಲುವವರೆಗೆ ಒದ್ದಾಡಿದ. ಕಡೆಗೆ ಕಾರು ಎಂದಿನಂತೆ ಗೊರಗೊರ ಎಂದಿತು. ಆಗಲೂ ಹಂಡ ಗೋಡೆಗೆ ಒರಗಿ ನಡುಗಿತು.

"ಕೆಡಸಿದ್ದು ಲಗೂ ಆತು. ಸರಿ ಮಾಡೋದು ತಡಾ," ಅಂದ ಅಂದಾನೆಪ್ಪ.

ಅಲ್ಲಿಂದ ಅವನ ಬೆಳಗು ಬದಲಾಯಿತು. ದಿನವೂ ಅಂಗಡಿ ತೆರೆಯುವ ಮುನ್ನ ಕಾರು ತಂದು ಓಣಿಯ ಬಾಯಲ್ಲಿ ನಿಲ್ಲಿಸಿ, ಇಂಜಿನ್ ಸಣ್ಣಗೆ ಓಡುವಂತೆ ಬಿಟ್ಟು ಸುಮ್ಮನೆ ಕೂರುತ್ತಿದ್ದ. ಮೋದಿನಸಾಬ ಒಂದೇ ಕೈಯಲ್ಲಿ ಹಂಡನ ಮುಂದೆ ಹತ್ತಿಕಾಳು ಹಿಡಿಯುತ್ತಿದ್ದ. ಎತ್ತು ತಿನ್ನದು, ಇವರು ಬಿಡರು. ಇಬ್ಬರಿಗೂ ಸಾಕಾಗಿ ಹೋಗಿತ್ತು. ಎತ್ತು ಕಾಳಿಗೆ ಬಾಯಿ ಹಾಕಿದ ದಿನ ಕಾರು ಒಂದು ಮನೆಯಷ್ಟು ಹತ್ತಿರ ಬಂತು. ಜಮಾಲಬಿ ಅಂದು ಇಬ್ಬರಿಗೂ ಚಹಾ ಕೊಟ್ಟಳು.

ಕೈ ಕೂಡಿಬಂದ ಮೇಲೆ ಮೋದಿನಸಾಬ ಗಾಡಿ ಹೂಡಿದ. ಅಂದಾನೆಪ್ಪ ಎತ್ತಿನ ಹೆಜ್ಜೆಗೆ ಸರಿಯಾಗಿ ಕಾರನ್ನು ಹಿಂದೆ ಹಿಂದೆ ನಡೆಸಿದ. ಇಂಜಿನ್ ಕಾದು ನಿಂತಲ್ಲಿ ನೀರು ಹಾಕಿದ. ಸಣ್ಣಪ್ಪ ಪಕ್ಕದಲ್ಲಿ ಬಂದು ತಲೆ ಹೊರಗೆ ಹಾಕಿದ.

"ಏನ್ರಿ ಅಂದಾನೆಪ್ಪಾರ, ಕಾರಿಗೆ ಎತ್ತು ಹೂಡೀರೇನು?"

"ಹೌದ್ರಿ. ನೀವು ಮುಂದ ಹೋಗ್ರಿ. ಹಾರ್ನ್ ಮಾತ್ರ ಬಾರಿಸಬ್ಯಾಡ್ರಿ."

ಸಣ್ಣಪ್ಪ ನಗುತ್ತಲೇ ಹೋದ. ಹಾರ್ನ್ ಬಾರಿಸಲಿಲ್ಲ.

ಹಂಡ ಬಸ್ ನಿಲ್ದಾಣಕ್ಕೂ ಬರತೊಡಗಿತು. ಆದರೆ ಮೋದಿನಸಾಬನಿಗೆ ಮಾತ್ರ ಗಾಡಿಯಲ್ಲಿ ನಿದ್ದೆ ಹತ್ತುತ್ತಿರಲಿಲ್ಲ. ಸಂತೆಯಿಂದ ಬರುವಾಗ ನೊಗದ ಹತ್ತಿರ ಕುಳಿತು, ಕೆಂಪಾದ ಕಣ್ಣು ಬಿಟ್ಟುಕೊಂಡೇ ಬರುತ್ತಿದ್ದ. ಅಂದಾನೆಪ್ಪ ಅದನ್ನು ನೋಡುತ್ತಿದ್ದ.

ಮಳೆಗಾಲ ಹತ್ತಿರವಾದಾಗ ಒಂದು ಸಂತೆಯ ಮಧ್ಯಾಹ್ನ ಅಂದಾನೆಪ್ಪನ ಮುಂದೆ ಆ ಗಾಡಿ ಕಂಡಿತು. ಕುಳಿತವರು ಯಾರೂ ಇರಲಿಲ್ಲ. ಕಾರು ನಿಲ್ಲಿಸಿ ಇಳಿದು, ಮೆಲ್ಲಗೆ ಹತ್ತಿರ ಹೋಗಿ ಒಳಗೆ ಇಣುಕಿದ. ಮೋದಿನಸಾಬ ಅಡ್ಡಾಗಿದ್ದ, ಮುಖದ ಮೇಲೆ ವಸ್ತ್ರ. ಗೊರಕೆ ಹೊಡೆಯುತ್ತಿದ್ದ.

ಹಿಂದೆ ಕಾರಿನ ಇಂಜಿನ್ ಗೊರಗೊರ ಅನ್ನುತ್ತಲೇ ಇತ್ತು. ಹಂಡನ ಒಂದು ಕಿವಿ ಅತ್ತ ತಿರುಗಿತು, ಕಾಲು ಕದಲಲಿಲ್ಲ. ಅಂದಾನೆಪ್ಪ ಕೈ ಚಾಚಿದ. ಎತ್ತು ಅವನ ಬೆರಳು ಮೂಸಿ ನೋಡಿತು. ಅವನು ಮೂಗುದಾರ ಹಿಡಿದು, ಚಕ್ರ ಕಲ್ಲಿಗೆ ತಾಗದಂತೆ ಗಾಡಿಯನ್ನು ಬದಿಗೆ ಸರಿಸಿದ. ತಿರುಗಿ ಬಂದು, ಸದ್ದಾಗದಂತೆ ಬಾಗಿಲು ಎಳೆದುಕೊಂಡು ದಾಟಿ ಹೋದ.

ಗುಡ್ಡದ ಕೋಟೆ ಕಾಣುವ ತಿರುವಿನಲ್ಲಿ ಮೋದಿನಸಾಬನಿಗೆ ಎಚ್ಚರವಾಯಿತು. ಗಾಬರಿಯಿಂದ ಎದ್ದು ಕುಳಿತು ಎತ್ತುಗಳನ್ನು ನೋಡಿದ. ಹಂಡನ ಬಿಳಿ ಮೂಗುದಾರಕ್ಕೆ ಕರಿ ಎಣ್ಣೆಯ ಬೆರಳು ಹತ್ತಿತ್ತು. ಊರು ಇನ್ನೂ ಸ್ವಲ್ಪ ದೂರವಿತ್ತು. ಅವನು ವಸ್ತ್ರ ಎಳೆದುಕೊಂಡು ಮತ್ತೆ ಮಲಗಿದ.