ಮೆಟ್ಟಿಲ ಕೆಳಗಿನ ಅಂಗೈ

ಹಳೆಯ ಅಂಚೆ ಕಚೇರಿಯನ್ನು ಕೆಡವದೆ ಉಳಿಸಿಕೊಳ್ಳುವುದೆಂದು ಊರಿನವರು ತೀರ್ಮಾನಿಸಿದಾಗ ಎಲ್ಲರಿಗಿಂತ ಹೆಚ್ಚು ಹಿಗ್ಗಿದವಳು ಮೇಸ್ತ್ರಿಯ ಅಕ್ಕ. ಅದನ್ನು ಕಟ್ಟಿದ ಏಳು ಮಂದಿ ಗಾರೆಯವರಲ್ಲಿ ಅವರಪ್ಪನೂ ಒಬ್ಬ. ಕೆಲಸ ಮುಗಿದ ದಿನ, ಯಾರ ಕಣ್ಣಿಗೂ ಬೀಳದ ಮೂಲೆ ನೋಡಿ, ಹಸಿ ಗಾರೆಯ ಮೇಲೆ ಒಬ್ಬೊಬ್ಬರೂ ಅಂಗೈ ಒತ್ತುವುದು ಆಗಿನವರ ರೂಢಿ. ಇಲ್ಲಿ ಒತ್ತಿದ್ದು ಮೆಟ್ಟಿಲ ಕೆಳಗೆ. ಅಪ್ಪನಿಗೆ ಕಿರುಬೆರಳಿರಲಿಲ್ಲ; ಅವನ ಕೈ ಯಾವುದೆಂದು ಯಾರನ್ನೂ ಕೇಳಬೇಕಿರಲಿಲ್ಲ.

"ಒಂದು ಫೋಟೊನೂ ಇಲ್ದೆ ಹೋದ ಮನುಷ್ಯ ಕಣೋ. ಕಟ್ಟಿದವರ ಬಗ್ಗೆ ಅಲ್ಲಿ ಹಾಕೋ ಬೋರ್ಡಿನ ಮೇಲೆ ಆ ಕೈಯಾದ್ರೂ ಬರಲಿ," ಎನ್ನುತ್ತ ಅಕ್ಕ ಬೆಳಿಗ್ಗೆಯೇ ಬಂದಳು.

ಮೇಸ್ತ್ರಿ ಮಂಡಿ ಹಿಡಿದುಕೊಂಡ. "ಮಂಡಿ ನೋವಕ್ಕ. ನೀನೇ ಹೋಗಿ ಬಾ."

"ನಿನ್ನೆ ಏಣಿ ಹತ್ತುವಾಗ ಈ ಮಂಡಿ ಯಾರ ಮನೆಗೆ ಹೋಗಿತ್ತು? ನಡಿ."

ಕಚೇರಿಯಲ್ಲಿ ಬೋರ್ಡಿನ ವಿವರ ಬರೆದುಕೊಳ್ಳಲು ನಿವೃತ್ತ ಟೀಚರಮ್ಮ ಟಾರ್ಚು, ನೋಟ್‌ಬುಕ್ಕು ಹಿಡಿದು ಕಾಯುತ್ತಿದ್ದರು. ಅಕ್ಕ ಸೊಂಟ ಬಗ್ಗಿಸಿ ಮೆಟ್ಟಿಲ ಕೆಳಗೆ ನುಗ್ಗಿದಳು. ಆರು ಅಂಗೈ ಸಿಕ್ಕವು. ಏಳನೆಯದರ ಜಾಗದಲ್ಲಿ ತಟ್ಟೆಯಗಲದ ಸಿಮೆಂಟು.

"ಯಾವ ಕೈಲಾಗದವನು ಇದನ್ನ ಮೆತ್ತಿದ್ದು?"

"ಕೈಲಾಗದವನಲ್ಲಮ್ಮ, ಅಂಚು ನೋಡಿ ಎಷ್ಟು ನಯವಾಗಿದೆ," ಎಂದರು ಟೀಚರಮ್ಮ. "ಇದನ್ನ ಎಬ್ಬಿಸೋಕಾಗುತ್ತಾ ಮೇಸ್ತ್ರಿ?"

"ಇಲ್ಲ ಟೀಚರೆ. ಸಿಮೆಂಟು ಎದ್ರೆ ಕೆಳಗಿನ ಸುಣ್ಣದ ಗಾರೆನೂ ಕಿತ್ಕೊಂಡು ಬರುತ್ತೆ." ಅಷ್ಟು ಹೇಳಿ ಸುಮ್ಮನಿರಬಹುದಿತ್ತು. ಮೂವತ್ತು ವರ್ಷ ಸುಮ್ಮನಿದ್ದೇ ಅಭ್ಯಾಸ. ಆದರೆ ಅಕ್ಕ ಆ ಸಿಮೆಂಟನ್ನು ಉಗುರಿನಿಂದ ಕೆರೆಯತೊಡಗಿದ್ದಳು.

"ಕೆರೀಬೇಡಕ್ಕ. ನಾನೇ ಮೆತ್ತಿದ್ದು."

ಈ ಕಚೇರಿಯದೇ ಅವನು ಸ್ವಂತವಾಗಿ ಹಿಡಿದ ಮೊದಲ ರಿಪೇರಿ ಕೆಲಸ. ನೋಡಲು ಬಂದ ಇಂಜಿನಿಯರು ಮೆಟ್ಟಿಲ ಕೆಳಗೆ ಬಗ್ಗಿ, "ಇದ್ಯಾರದಯ್ಯ ಮೊಂಡು ಕೈ?" ಎಂದು ನಕ್ಕಿದ್ದ. ಹೊಸ ಅಂಗಿ ತೊಟ್ಟು ನಿಂತಿದ್ದ ಮೇಸ್ತ್ರಿ, "ಯಾರೋ ಕೂಲಿಯವನದು ಸಾರ್," ಎಂದು ತಾನೂ ನಕ್ಕಿದ್ದ. ಆಳುಗಳು ಊಟಕ್ಕೆ ಹೋದಾಗ ತಾನೇ ಕಲಸಿ, ತಾನೇ ಮೆತ್ತಿದ್ದ.

ಅಕ್ಕ ಉಗುರಿಗಂಟಿದ ಪುಡಿ ಒರೆಸಿಕೊಂಡಳು. "ಆಗ ಅಪ್ಪ ಇದ್ನಲ್ಲೋ."

"ಇದ್ದ. ಮಾರನೇ ದಿನ ಬಂದು ನೋಡಿದ."

"ಏನಂದ?"

ಮೇಸ್ತ್ರಿ ನೆಲ ನೋಡಿದ. "ಮೇಲೆ ಕೈ ಆಡಿಸಿ, ಅಂಚು ಚೆನ್ನಾಗಿ ಬಂದಿದೆ ಕಣೋ ಅಂದ."

ಅಕ್ಕ ಸೆರಗು ಕೊಡವಿ ಹೊರಗೆ ನಡೆದಳು. ಬೈದಿದ್ದರೆ ಒಳ್ಳೆಯದಿತ್ತು.

ಟೀಚರಮ್ಮ ಪೆನ್ನಿನ ಮುಚ್ಚಳ ತೆಗೆದರು. "ಏಳನೇದಕ್ಕೆ ಏನು ಬರೀಲಿ?"

"ನಾಲ್ಕು ಬೆರಳಿನ ಕೈ ಇತ್ತು, ಮಗ ಮುಚ್ಚಿದ ಅಂತ ಬರೀರಿ."

"ಮುಚ್ಚಿಹೋಗಿದೆ ಅಂದ್ರೆ ಸಾಲ್ದಾ? ಊರೆಲ್ಲ ಓದುತ್ತೆ ಮೇಸ್ತ್ರಿ."

"ಓದ್ಲಿ ಟೀಚರೆ. ಒಂದು ಸಲ 'ಯಾರೋ' ಅಂದಿದ್ದಾಯ್ತು. ಮಗ ಅಂತಲೇ ಬರೀರಿ."

ಅವನು ಹೊರಗೆ ಬರುವಷ್ಟರಲ್ಲಿ ಅಕ್ಕ ಬೀದಿಯ ತಿರುವು ದಾಟಿದ್ದಳು.